ಮೊದಲು ಅಳೆಯೋಣ, ಆಮೇಲೆ ತಿರುಗಿಸೋಣ

ಕಳೆದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನಮ್ಮ ಹಳೆಯ ಕಾರು ಮುನಿಸಿಕೊಂಡು ಕೂತಿತ್ತು. ಹಂಪ್ ಬಳಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ ಬಂದ್. ಮತ್ತೆ ನಿಧಾನವಾಗಿ ಹೊರಟರೆ ಜಗ್ಗಾಟ. ಕೊಬ್ಬರಿ ಹರಾಜಿನ ದಿನ ತಿಪಟೂರಿಗೆ ಹೋಗಿಬರಲು ಅಪ್ಪನಿಗೆ ಇರುವುದು ಅದೊಂದೇ. ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, ‘ಥ್ರಾಟಲ್ ಬಾಡಿ ಪೂರ್ತಿ ಬದಲಾಯಿಸಬೇಕು, ಹನ್ನೆರಡು ಸಾವಿರ ಆಗುತ್ತೆ’ ಎಂದಿದ್ದರಂತೆ. ‘ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ನೀನೊಂದ್ಸಲ ನೋಡೋ’ ಅಂದರು ಅಪ್ಪ.

ನೋಡದೇ ಇರುವುದು ಹೇಗೆ? ಮರ್ಯಾದೆ ಪ್ರಶ್ನೆ. ರಾತ್ರಿಯೆಲ್ಲ ಮೊಬೈಲ್‌ನಲ್ಲಿ ವಿಡಿಯೊ ನೋಡಿದೆ. ಥ್ರಾಟಲ್ ಪೊಸಿಷನ್ ಸೆನ್ಸರ್ ಎಂಬ ಪುಟ್ಟ ಭಾಗವಿದೆ, ಎರಡು ಸ್ಕ್ರೂ ಸಡಿಲಿಸಿ ಸ್ವಲ್ಪ ತಿರುಗಿಸಿದರೆ ಕಾರು ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಬೆಳಿಗ್ಗೆ ಎದ್ದು ಹಾಗೇ ಮಾಡಿದೆ. ಎಂಜಿನ್ ಬಂದ್ ಆಗುವುದು ನಿಂತೇಹೋಯಿತು! ಹನ್ನೆರಡು ಸಾವಿರ ಉಳಿಸಿದ ಖುಷಿಯಲ್ಲಿ ಅಪ್ಪ ಪಕ್ಕದ ಮನೆಯವರಿಗೂ ಹೇಳಿಕೊಂಡು ಬಂದರು.

ಮರುದಿನ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಶಾಲೆಯ ಮುಂದಿನ ಹಂಪ್ ಹತ್ತಿರ ಕಾಲು ತೆಗೆದರೆ ಎಂಜಿನ್ ಸದ್ದು ಇಳಿಯಲೇ ಇಲ್ಲ. ಕಾರು ತನ್ನ ಪಾಡಿಗೆ ಮುಂದೆ ನುಗ್ಗುತ್ತಿತ್ತು. ಗಾಬರಿಯಲ್ಲಿ ಕ್ಲಚ್, ಬ್ರೇಕ್ ಎರಡನ್ನೂ ಒತ್ತಿದೆ. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹುಡುಗನಿಂದ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಅಮ್ಮ ಬೈಯಲಿಲ್ಲ. ‘ನಿಧಾನಕ್ಕೆ ಮನೆಗೆ ಹೋಗಣ ನಡಿ’ ಎಂದಷ್ಟೇ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆ ಎರಡು ಸ್ಕ್ರೂಗಳಿಂದ ನಾನು ಮಾಡಿದ್ದೇನು ಎನ್ನುವುದು ಆಮೇಲೆ ತಿಳಿಯಿತು. ಎಂಜಿನ್‌ಗೆ ಗಾಳಿ ಬಿಡುವ ದಾರಿಯಲ್ಲಿ ಬಾಗಿಲಿನಂಥ ಒಂದು ತಟ್ಟೆಯಿದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ತೆರೆದುಕೊಳ್ಳುತ್ತದೆ. ಎಷ್ಟು ತೆರೆದಿದೆ ಎಂದು ಕಾರಿನ ಕಂಪ್ಯೂಟರ್‌ಗೆ ಹೇಳುವುದೇ ಈ ಸೆನ್ಸರ್ ಕೆಲಸ. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯೊಳಗೆ ಇರುವುದೂ ಇದೂ ಒಂದೇ ಬಗೆಯದು. ಮೂರು ವೈರುಗಳಲ್ಲಿ ಒಂದಕ್ಕೆ 5 ವೋಲ್ಟ್ ಬರುತ್ತದೆ, ಇನ್ನೊಂದು ಅರ್ತ್, ಮೂರನೆಯದು ಸುದ್ದಿ ಒಯ್ಯುವ ವೈರು. ಬಾಗಿಲು ಮುಚ್ಚಿದ್ದಾಗ ನಮ್ಮ ಕಾರಿನಲ್ಲಿ ಅರ್ಧ ವೋಲ್ಟ್ ಆಸುಪಾಸು ಇರಬೇಕು, ಪೂರ್ತಿ ತೆರೆದಾಗ ನಾಲ್ಕೂವರೆ. ನಾನು ತಿರುಗಿಸಿದ ಮೇಲೆ ಮುಚ್ಚಿದ ಬಾಗಿಲಿಗೇ 0.9 ವೋಲ್ಟ್ ತೋರಿಸುತ್ತಿತ್ತು. ಅಂದರೆ ಹತ್ತರಲ್ಲಿ ಒಂದು ಪಾಲು ತೆರೆದಿದೆ ಎಂದು ಕಂಪ್ಯೂಟರ್ ನಂಬಿಬಿಟ್ಟಿತ್ತು. ಡ್ರೈವರ್ ಇನ್ನೂ ಆಕ್ಸಿಲರೇಟರ್ ಒತ್ತಿದ್ದಾನೆ ಎಂದುಕೊಂಡು ಐಡ್ಲಿಂಗ್ ಇಳಿಸಲೂ ಇಲ್ಲ, ಪೆಟ್ರೋಲ್ ಕಡಿಮೆ ಮಾಡಲೂ ಇಲ್ಲ. ಅದರದ್ದೇನೂ ತಪ್ಪಿಲ್ಲ. ಸುಳ್ಳು ಹೇಳಿಕೊಟ್ಟವನು ನಾನು.

ಇದನ್ನೆಲ್ಲ ತಿಳಿಸಿಕೊಟ್ಟವರು ಬಸ್ ಸ್ಟ್ಯಾಂಡ್ ಹಿಂದೆ ಸಣ್ಣ ಅಂಗಡಿ ಇಟ್ಟುಕೊಂಡಿರುವ ಆಟೊ ಎಲೆಕ್ಟ್ರಿಷಿಯನ್. ‘ಬಿಚ್ಚೋಕೆ ಮುಂಚೆ ಗುರುತು ಹಾಕ್ಕೊಂಡ್ಯಾ ಮರಿ?’ ಎಂಬುದು ಅವರ ಮೊದಲ ಪ್ರಶ್ನೆ. ಹಾಕಿರಲಿಲ್ಲ. ಎಂಜಿನ್ ಆಫ್ ಇಟ್ಟು, ಕೀ ಮಾತ್ರ ಆನ್ ಮಾಡಿ, ಕನೆಕ್ಟರ್ ಹಿಂಬದಿಯಿಂದ ಮೀಟರ್ ತಾಗಿಸಿ, ಮೊದಲು ಸೆನ್ಸರನ್ನು ಅದರ ಲೆಕ್ಕಕ್ಕೆ ತಂದು ಕೂರಿಸಿದರು. ಆಮೇಲೆ ಮುಳ್ಳಿನ ಹಳೇ ಮೀಟರ್ ತೆಗೆದು, ‘ಈಗ ಬಾಗಿಲನ್ನ ಮೆಲ್ಲಗೆ ತೆರಿ’ ಎಂದರು. ಮುಳ್ಳು ಸಲೀಸಾಗಿ ಏರಬೇಕಿತ್ತು. ಶುರುವಿನಲ್ಲೇ ಒಂದು ಕಡೆ ಧೊಪ್ಪನೆ ಬಿದ್ದು ಮತ್ತೆ ಎದ್ದಿತು. ಡಿಜಿಟಲ್ ಮೀಟರ್‌ನಲ್ಲಿ ಅಂಕಿ ಬದಲಾಗುವಷ್ಟರಲ್ಲಿ ಇದು ತಪ್ಪಿಹೋಗಬಹುದಂತೆ. ಸೆನ್ಸರ್ ಒಳಗಿನ ಪಟ್ಟಿ, ಅತಿ ಹೆಚ್ಚು ಉಜ್ಜುವ ಜಾಗದಲ್ಲಿ ಸವೆದಿತ್ತು. ನಾನು ಅದನ್ನು ಸವೆದ ಜಾಗದಿಂದ ಆಚೆ ಸರಿಸಿ ರೋಗ ಮುಚ್ಚಿಟ್ಟಿದ್ದೆ. ಎಷ್ಟು ತಿರುಗಿಸಿದರೂ ಅದು ರಿಪೇರಿಯಾಗುವ ಮಾತಾಗಿರಲಿಲ್ಲ. ಹಾಗೆಯೇ ಥ್ರಾಟಲ್ ಬಾಡಿಯನ್ನು ಪೂರ್ತಿ ಬದಲಾಯಿಸುವ ಅಗತ್ಯವೂ ಇರಲಿಲ್ಲ. ಸಾವಿರದ ಚಿಲ್ಲರೆಯಲ್ಲಿ ಸೆನ್ಸರ್ ಮಾತ್ರ ಹೊಸದು ಹಾಕಿದೆವು. ಅಲ್ಲಿಗೆ ಮುಗಿಯಿತು.

ಅಂದಿನಿಂದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಗ್ಯಾರೇಜಿನವರು ಮಾಡಿದ್ದೂ ನಾನು ಮಾಡಿದ್ದೂ ಒಂದೇ ತಪ್ಪು. ಇಬ್ಬರೂ ಅಳೆಯಲಿಲ್ಲ. ಅವರು ಅಂದಾಜಿನಲ್ಲಿ ಬದಲಾಯಿಸಿ ಎಂದರು, ನಾನು ಅಂದಾಜಿನಲ್ಲಿ ತಿರುಗಿಸಿದೆ. ಕಾರ್ಬ್ಯುರೇಟರ್ ಕಾಲದಲ್ಲಿ ಸದ್ದು ಕೇಳಿಯೇ ಸ್ಕ್ರೂ ತಿರುಗಿಸಿ ಕೂರಿಸುವ ಕೈಚಳಕ ನಡೆಯುತ್ತಿತ್ತು. 2000ದಲ್ಲಿ ಮಾರುತಿ 800ಕ್ಕೇ ಎಂಪಿಎಫ್‌ಐ ಬಂತು. ಎಂಜಿನ್ ಲೆಕ್ಕ ಕಂಪ್ಯೂಟರ್ ಕೈಗೆ ಹೋಗಿ ಇಷ್ಟು ವರ್ಷವಾದರೂ ನಮ್ಮ ಅಭ್ಯಾಸ ಮಾತ್ರ ಕಿವಿ ಮತ್ತು ಸ್ಕ್ರೂಡ್ರೈವರ್‌ನಲ್ಲೇ ನಿಂತಿದೆ.

ಹಾಗಾದರೆ ಮನೆಯಲ್ಲಿ ಕಾರು ಮುಟ್ಟಲೇಬಾರದೇ? ‘ನಿನಗ್ಯಾಕೆ ಬೇಕಿತ್ತು ಇದೆಲ್ಲ’ ಎಂದು ಚಿಕ್ಕಪ್ಪ ರೇಗಿದರು. ನಾನು ಒಪ್ಪುವುದಿಲ್ಲ. ಮುಟ್ಟದಿದ್ದರೆ ಹನ್ನೆರಡು ಸಾವಿರ ಕೊಟ್ಟು, ಆಗಿದ್ದೇನು ಎಂದು ತಿಳಿಯದೇ ಸುಮ್ಮನಾಗುತ್ತಿದ್ದೆವು. ಮುಟ್ಟಬೇಕು, ಆದರೆ ಮೀಟರ್ ಹಿಡಿದು. ಅಳೆಯುವುದರಿಂದ ಯಾರಿಗೂ ಅಪಾಯವಿಲ್ಲ. ಅಳೆಯದೇ ತಿರುಗಿಸುವುದರಲ್ಲಿದೆ ಅಪಾಯ. ಗೆರೆ ಎಲ್ಲಿದೆ ಎನ್ನುವುದೂ ಗೊತ್ತಿರಬೇಕು. ತಿರುಗಿಸಲು ಉದ್ದ ತೂತು ಇರುವುದು ಕೆಲವು ಹಳೆಯ ಕಾರುಗಳಲ್ಲಿ ಮಾತ್ರ. ಈಗಿನ ಕಾರುಗಳಲ್ಲಿ ಪೆಡಲ್‌ನಿಂದ ಕೇಬಲ್ ಬದಲು ವೈರು ಹೋಗುತ್ತದೆ, ಎರಡೆರಡು ಸಿಗ್ನಲ್‌ಗಳನ್ನು ಕಂಪ್ಯೂಟರ್ ತಾಳೆ ನೋಡುತ್ತದೆ. ಅಂಥವನ್ನು ಬಿಚ್ಚುವ ಸಾಹಸ ಬೇಡ.

ಇನ್ನೊಂದು ತಕರಾರಿದೆ. ಆ ‘ಅರ್ಧ ವೋಲ್ಟ್’ ಎಂಬ ಅಂಕಿ ನಮಗೆ ಸಿಕ್ಕಿದ್ದು ಎಲ್ಲಿಂದ? ಎಲೆಕ್ಟ್ರಿಷಿಯನ್ ಎಂದೋ ಜೆರಾಕ್ಸ್ ಮಾಡಿಟ್ಟುಕೊಂಡಿದ್ದ, ಎಣ್ಣೆ ಜಿಡ್ಡು ಹಿಡಿದ ಹಾಳೆಯಿಂದ. ಕಾರಿನ ಜತೆ ಬಂದ ಪುಸ್ತಕದಲ್ಲಿ ಟಯರ್‌ಗೆ ಎಷ್ಟು ಗಾಳಿ ಎಂದಿದೆ, ಈ ಅಂಕಿ ಇಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಾಗ ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಉಪಕರಣಗಳ ಜತೆ ವಾಹನ ವಲಯವನ್ನೂ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ ರಿಪೇರಿಯ ಹಕ್ಕು ಎಂದರೆ ಸರ್ವಿಸ್ ಸೆಂಟರ್ ವಿಳಾಸ, ಬಿಡಿಭಾಗದ ಬೆಲೆ ಅಷ್ಟೇ ಅಲ್ಲ. ಇರಬೇಕಾದ ಅಳತೆ ಎಷ್ಟು ಎಂಬುದೂ ಕಾರು ಕೊಂಡವನಿಗೆ ಮತ್ತು ಬಸ್ ಸ್ಟ್ಯಾಂಡ್ ಹಿಂದಿನ ಆ ಅಂಗಡಿಗೆ ಸಿಗಬೇಕು. ಅಂಕಿ ಬಚ್ಚಿಟ್ಟರೆ ಅಂದಾಜು ರಿಪೇರಿಯೇ ಗತಿ.

ನಮ್ಮಂಥ ವಿದ್ಯಾರ್ಥಿಗಳೂ ಸ್ವಲ್ಪ ನಾಚಿಕೊಳ್ಳಬೇಕು. ಲ್ಯಾಬ್‌ನಲ್ಲಿ ಇದೇ ಪೊಟೆನ್ಶಿಯೊಮೀಟರ್ ತಿರುಗಿಸಿ, ವೋಲ್ಟೇಜ್ ಬರೆದು, ಗ್ರಾಫ್ ಎಳೆದು, ಸಹಿ ಹಾಕಿಸಿ, ಅಂಕ ತಗೊಂಡಿದ್ದೆ. ಅದೇ ವಸ್ತು ಮನೆಯ ಕಾರಿನಲ್ಲಿ ಎದುರಾದಾಗ ಗುರುತೇ ಸಿಗಲಿಲ್ಲ. ಕಾಲೇಜಿಗೆ ಹಿಂತಿರುಗುವಾಗ ಮೊದಲ ಬಾರಿಗೆ ಸ್ವಂತದ್ದೊಂದು ಮಲ್ಟಿಮೀಟರ್ ಕೊಂಡೆ. ಮೊನ್ನೆ ಮನೆಗೆ ಫೋನ್ ಮಾಡಿದಾಗ ಅಮ್ಮ ನಗುತ್ತಿದ್ದರು. ಫ್ರಿಜ್ ರಿಪೇರಿಗೆ ಬಂದವನು ಕಂಪ್ರೆಸರ್ ಹೋಗಿದೆ ಎಂದನಂತೆ. ಅಪ್ಪ ಥಟ್ಟನೆ ಕೇಳಿದರಂತೆ: ‘ಅಳೆದು ನೋಡಿದ್ಯೇನಪ್ಪಾ?’