ಮಳೆಗಾಲದಲ್ಲೂ ದೀಪ ಹಚ್ಚುವ ಮನೆ

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಾಂಚಿಗೆ ಕಾದು ನಿಲ್ಲುತ್ತಿದ್ದ ಸಿಗಂದೂರು ಕಡೆಯ ಜನರಿಗೆ ಸಾಗರ ಪೇಟೆ ಹತ್ತಿರವಾಯಿತು. ಶರಾವತಿ ಹಿನ್ನೀರಿನ ಆಚೆ ದಡ ಬೆಂಗಳೂರಿನವರಿಗೂ ಹತ್ತಿರವಾಯಿತು. ಕೆಲಸ ಬಿಟ್ಟು ಬಂದು ನೀರಿನ ದಂಡೆಯಲ್ಲಿ ಹೋಂಸ್ಟೇ ಮಾಡಬೇಕೆನ್ನುವ ಹುಡುಗರು ಈಗ ಪರಿಚಯದವರಲ್ಲೇ ಸಿಗುತ್ತಾರೆ. ಕೆಲವರು ಇಲ್ಲಿನವರೇ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು, ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ ಲ್ಯಾಪ್‌ಟಾಪ್ ಬಿಚ್ಚಿದವರು.

ಅವರು ಬರಲಿ ಎನ್ನುವುದು ನನ್ನ ಮನಸ್ಸಿನ ಆಸೆಯೂ ಹೌದು. ಹೊಸನಗರ, ತೀರ್ಥಹಳ್ಳಿ ಕಡೆ ವಯಸ್ಸಾದ ಇಬ್ಬರೇ ಉಳಿದಿರುವ ದೊಡ್ಡ ಮನೆಗಳು ಎಷ್ಟಿಲ್ಲ! ಕೊಳೆರೋಗದ ಜೊತೆಗೆ ಎಲೆಚುಕ್ಕಿಯೂ ಬಂದ ಮೇಲೆ ಅಡಿಕೆಯೊಂದನ್ನೇ ನಂಬಿ ಕೂರುವಂತಿಲ್ಲ. ಖಾಲಿ ಬಿದ್ದ ಕೋಣೆಗೆ ನಾಲ್ಕು ಜನ ಬಂದು, ಉಂಡು, ಮಲಗಿ, ದುಡ್ಡು ಕೊಟ್ಟು ಹೋದರೆ ಅದು ಮರ್ಯಾದೆಯ ಸಂಪಾದನೆ.

ಆದರೆ ಬರುವವರು ಇಲ್ಲಿ ಸಂಸಾರ ಮಾಡಲು ಬರಬೇಕು. ಹೋಂಸ್ಟೇ ಎಂದರೆ ಕೆಲವೇ ಕೋಣೆಗಳ ಮನೆ, ಮನೆಯವರು ಅಲ್ಲೇ ವಾಸವಿರಬೇಕು ಎಂದು ಪ್ರವಾಸೋದ್ಯಮ ಇಲಾಖೆಯ ನಿಯಮವೇ ಹೇಳುತ್ತದೆ. ಮಾಲೀಕ ಬೆಂಗಳೂರಿನಲ್ಲಿ, ಇಲ್ಲಿ ಒಬ್ಬ ಮ್ಯಾನೇಜರ್, ಶನಿವಾರ ರಾತ್ರಿ ಕಾಡಿನ ಅಂಚಿನಲ್ಲಿ ಡಿಜೆ ಎಂದಾದರೆ ಅದು ಲಾಡ್ಜು. ಆಗುಂಬೆಯ ದೊಡ್ಡಮನೆಯನ್ನು ನೋಡಿ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಆ ಮನೆಯಲ್ಲಿ ಬಂದವರಿಗೆ ಊಟ ಹಾಕಿ, ಜಾಗ ಕೊಟ್ಟು, ಇಷ್ಟೇ ಕೊಡಿ ಎಂದು ಕೇಳದೆ ಕಳಿಸುತ್ತಿದ್ದರು. ಹೊಸಬರು ಬಾಡಿಗೆ ಕೇಳಲಿ, ತಪ್ಪಿಲ್ಲ. ಮನೆಯವರು ಮನೆಯಲ್ಲಿರಲಿ.

ಇನ್ನೊಂದು ಮಾತನ್ನು ಗಂಡಸರಿಗೇ ಹೇಳಬೇಕು. ಬೆಳಗಾಗುವ ಮೊದಲೇ ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆ ನೀರು ಕಾಯಿಸಬೇಕು. ಹತ್ತು ಜನಕ್ಕೆ ತೆಳ್ಳೇವು ಎರೆಯಬೇಕು. ಮಧ್ಯಾಹ್ನಕ್ಕೆ ತಂಬುಳಿ, ಅಪ್ಪೆಹುಳಿ, ಸಂಜೆಗೆ ಮತ್ತೆ ಕಾಫಿ. ಯೋಜನೆ ಹಾಕುವವನು ಮಗ, ಬೇಯುವವಳು ಅಮ್ಮ ಅಥವಾ ಹೆಂಡತಿ. ಅವಳನ್ನು ಕೇಳಿದ್ದೀರಾ? ಬಂದ ದುಡ್ಡು ಅವಳ ಖಾತೆಗೂ ಹೋಗುತ್ತದೆಯೇ? ಇದು ತೀರ್ಮಾನವಾಗದೆ ಕೋಣೆಗೆ ಟೈಲ್ಸ್ ಹಾಕಿಸಬೇಡಿ.

ನಂಟರಿಗೆ ಹಿನ್ನೀರು ತೋರಿಸುವಾಗ ಅದರಡಿಯ ಊರುಗಳ ಸುದ್ದಿಯನ್ನೂ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ಗದ್ದೆ, ತೋಟ, ದೇವಸ್ಥಾನಗಳು ನೀರಿಗೆ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದರೆ ಅದು ಮೇಲೆದ್ದು ನಿಲ್ಲುತ್ತದೆ. ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಹೊರಟವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ಇಂದೂ ಹೋರಾಡುತ್ತಿದ್ದಾರೆ. ಅವರು ಕಳೆದುಕೊಂಡ ನೆಲದ ಮೇಲಿನ ನೀರನ್ನು ‘ವ್ಯೂ’ ಎಂದು ಮಾರುವಾಗ ಇಷ್ಟಾದರೂ ಋಣ ನಮಗಿರಬೇಡವೇ?

ಕಾಡು ಸುತ್ತಿಸುವವರಿಗೆ ಮಂಗನ ಕಾಯಿಲೆಯೂ ಗೊತ್ತಿರಬೇಕು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರನ್ನು ಬಲಿ ತೆಗೆದುಕೊಂಡಿತು. ಮಳೆ ನಿಂತು ಬಿಸಿಲೇರುವ ತಿಂಗಳುಗಳಲ್ಲಿ, ಪ್ರವಾಸಿಗರು ಹೆಚ್ಚು ಬರುವ ಹೊತ್ತಿನಲ್ಲೇ, ಅದನ್ನು ಹರಡುವ ಉಣುಗುಗಳ ಕಾಟವೂ ಹೆಚ್ಚು. ಎಲ್ಲಿ ಮಂಗ ಸತ್ತಿದೆ, ಯಾವ ದಾರಿ ಬೇಡ ಎಂಬುದು ಆ ಊರಿನಲ್ಲೇ ಇರುವವರಿಗೆ ಮಾತ್ರ ತಿಳಿಯುತ್ತದೆ. ವಾರಾಂತ್ಯದ ಮಾಲೀಕನಿಗೆ ತಿಳಿಯುವುದಿಲ್ಲ.

ಆದ್ದರಿಂದ ಇಲಾಖೆಯವರಲ್ಲಿ ನನ್ನದೊಂದು ಕೋರಿಕೆ. ಪರಿಶೀಲನೆಗೆ ಡಿಸೆಂಬರಿನ ಹಿತವಾದ ಬಿಸಿಲಿನಲ್ಲಿ ಬರಬೇಡಿ. ಹುಲಿಕಲ್ಲಿನಲ್ಲೂ ಆಗುಂಬೆಯಲ್ಲೂ ಮಳೆ ಹಿಡಿದು, ಕರೆಂಟು ಹೋಗಿ, ದರೆ ಕುಸಿದಿರುವ ಜುಲೈಯಲ್ಲಿ ಬನ್ನಿ. ಆಗ ಬಾಗಿಲು ತೆಗೆಯುವವರು ಯಾರೋ, ಪರವಾನಗಿ ಅವರ ಹೆಸರಿಗೆ ಇರಲಿ.