'ನೀನು ಯಾರ ಕಡೆಯವನು?'

ಹಿಂಜವಾಡಿಯ ಯಾವ ಹೋಟೆಲಿನ ಹಿಂಬಾಗಿಲಿಗೆ ಹೋಗಿ ಕೆಲಸ ಕೇಳಿದರೂ, ಯಾವ ಕಂಪನಿಯ ಕ್ಯಾಂಟೀನಿನ ಗೇಟಿನಲ್ಲಿ ನಿಂತರೂ, ಮೊದಲ ಪ್ರಶ್ನೆ 'ನಿನಗೆ ಏನು ಕೆಲಸ ಬರುತ್ತದೆ?' ಎಂಬುದಲ್ಲ, 'ನೀನು ಯಾರ ಕಡೆಯವನು?' ಎಂಬುದು. ದೋಸೆ ಹುಯ್ಯಲು ಬರುತ್ತದೋ, ಲೆಕ್ಕ ಬರುತ್ತದೋ, ಅದೆಲ್ಲ ಆಮೇಲಿನ ಮಾತು. ಕುಂದಾಪುರದ ಕಡೆಯವನಾದರೆ ಯಾರ ಮನೆಯ ಹುಡುಗ? ಸಿಂದಗಿಯ ಕಡೆಯವನಾದರೆ ಯಾವ ಮುಕಾದಮನ ಗುಂಪಿನವನು? ಉತ್ತರವಿದ್ದವನು ಒಳಗೆ, ಇಲ್ಲದವನು ಹೊರಗೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಕಳೆದ ತಿಂಗಳ ಸಭೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಎದ್ದು, ಸಂಘದ ಮೂಲಕ ಕೆಲಸ ಕೊಡಿಸುವುದಾದರೆ ಸದಸ್ಯರು ಶಿಫಾರಸು ಮಾಡಿದ ಹುಡುಗರಿಗೇ ಮೊದಲು ಕೊಡಿಸಬೇಕು, ಗುರುತು ಪರಿಚಯವಿಲ್ಲದವರಿಗೆ ನಾವೇಕೆ ಹೊಣೆಯಾಗಬೇಕು ಎಂದರು. ಚಪ್ಪಾಳೆಯೂ ಬಿತ್ತು. ಆ ಹಿರಿಯರ ಮೇಲೆ ನಮಗೆ ಗೌರವವಿದೆ, ಅವರ ಮಾತಿಗೆ ನಮ್ಮ ವಿರೋಧವಿದೆ.

ವಶೀಲಿಯಿಂದ ನಮಗೆ ಉಪಕಾರವೇ ಆಗಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಏಳನೆಯ ಇಯತ್ತೆ ಮುಗಿಸಿ, ಮರಾಠಿಯ ಒಂದಕ್ಷರ ಬಾರದೆ, ಒಂದು ಚೀಲ ಹಿಡಿದು ಈ ಊರಿನಲ್ಲಿ ಇಳಿದ ನಮ್ಮಂಥವರಿಗೆ ಮೊದಲ ರಾತ್ರಿ ಊಟ ಹಾಕಿದವನು ಊರಿನವನೇ. ಮಲಗಲು ಚಾಪೆ ಕೊಟ್ಟವನೂ ಅವನೇ. ಸರಕಾರವಾಗಲಿ ಮಾಲಕರಾಗಲಿ ಆ ರಾತ್ರಿ ಬರಲಿಲ್ಲ. ಆದರೆ ಆ ಊಟದ ಬೆಲೆಯನ್ನು ಎಷ್ಟು ವರ್ಷ ತೆತ್ತೆವು ಎಂಬ ಲೆಕ್ಕವನ್ನು ಯಾರೂ ಹಾಕಿಲ್ಲ.

ಒಂದು ಸಂಗತಿ ಕೇಳಿ. ಈ ಭಾಗದ ಒಂದು ಹೋಟೆಲಿನಲ್ಲಿ ಹನ್ನೊಂದು ಹುಡುಗರಿದ್ದರು. ವಾರದ ರಜೆ ಇಲ್ಲ. ಬೆಳಗಿನ ಐದೂವರೆಗೆ ಎದ್ದರೆ ರಾತ್ರಿ ಹನ್ನೊಂದರವರೆಗೆ ಕೆಲಸ, ನಡುವೆ ಎರಡು ತಾಸು ಬಿಡುವು. ನಾವು ಹೋಗಿ ಮಾತನಾಡಿದೆವು. ಹನ್ನೊಂದು ಜನರೂ ಅರ್ಜಿಗೆ ಸಹಿ ಹಾಕಿದರು. ಮಾಲಕ ಯಾರನ್ನೂ ಗದರಿಸಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಭಟ್ಟಿಯ ಮುಂದಿನ ಹಿರಿಯ ಅಡಿಗೆಯವನನ್ನು ಕರೆದು, 'ನಿನ್ನ ಹುಡುಗರು ಹೀಗೆ ಮಾಡಿದ್ದಾರೆ ನೋಡು' ಎಂದನು, ಅಷ್ಟೆ. ಅಡಿಗೆಯವನು ಊರಿಗೆ ಫೋನು ಮಾಡಿದನು. ಒಬ್ಬನ ತಾಯಿ ಅತ್ತಳು. ಇನ್ನೊಬ್ಬನ ಚಿಕ್ಕಪ್ಪ, ನಮ್ಮ ಮರ್ಯಾದೆ ಕಳೆದೆಯಲ್ಲ ಎಂದನು. ಮರುದಿನ ಸಂಜೆಯೊಳಗೆ ಏಳು ಜನ ಹೆಸರು ಹಿಂತೆಗೆದುಕೊಂಡರು. ಉಳಿದ ನಾಲ್ವರಿಗೆ ಕೆಲಸ ಹೋಯಿತು.

ಆ ಅಡಿಗೆಯವನು ದುಷ್ಟನಲ್ಲ. ಅವನೂ ನಮ್ಮಂತೆಯೇ ಹೊಗೆ ಕುಡಿದವನು. ಆದರೆ ಹುಡುಗರನ್ನು ತಂದವನು ಅವನೇ ಆದ್ದರಿಂದ ಅವರ ಬಾಯಿಗೆ ಬೀಗವೂ ಅವನೇ ಆದನು. ವಶೀಲಿಯಿಂದ ಬಂದವನು ಪಗಾರ ಹೆಚ್ಚು ಕೇಳಿದರೆ ಅದು ಹಕ್ಕಿನ ಮಾತಾಗುವುದಿಲ್ಲ, ಕೃತಘ್ನತೆಯಾಗುತ್ತದೆ. ಮಾಲಕನಿಗೆ ಇದಕ್ಕಿಂತ ಅಗ್ಗದ ಕಾವಲುಗಾರ ಎಲ್ಲಿ ಸಿಕ್ಕಾನು?

ಇದು ಹೊಸದೂ ಅಲ್ಲ. ಮುಂಬಯಿಯ ಗಿರಣಿಗಳಲ್ಲಿ ದುಡಿದ ಹಿರಿಯರು ನಮ್ಮಲ್ಲಿನ್ನೂ ಇದ್ದಾರೆ, ಅವರನ್ನು ಕೇಳಿ. ಅವರ ಅಜ್ಜಂದಿರ ಕಾಲದಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವವನೂ ಜಾಬರ್, ತೆಗೆದುಹಾಕುವವನೂ ಜಾಬರ್. ತನ್ನ ಊರಿನವರನ್ನು, ತನ್ನ ಜಾತಿಯವರನ್ನು ತುಂಬುತ್ತಿದ್ದನು, ಸಾಲ ಕೊಡಿಸುತ್ತಿದ್ದನು, ಮಾಮೂಲು ವಸೂಲು ಮಾಡುತ್ತಿದ್ದನು. ವಿಟ್ಲೆಯವರ ರಾಯಲ್ ಕಮಿಶನ್ನು 1931ರ ತನ್ನ ವರದಿಯಲ್ಲಿಯೇ ಈ ಲಂಚಗುಳಿತನವನ್ನು ಎತ್ತಿ ತೋರಿಸಿತು. 1935ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಬದಲಿ ಕೆಲಸಗಾರರಿಗೆ ಕಾರ್ಡು ಕೊಟ್ಟು ಜಾಬರನ ಕೈಯನ್ನು ಸ್ವಲ್ಪ ಕಟ್ಟುವ ಏರ್ಪಾಡು ಬಂತು. ಗಿರಣಿಗಳ ಸೈರನ್ನು ನಿಂತುಹೋಯಿತು. ಜಾಬರ್ ಮಾತ್ರ ಸತ್ತಿಲ್ಲ, ಹಿಂಜವಾಡಿಗೆ ಬಂದು ಸುಪರ್‌ವೈಜರ್ ಎಂದು ಹೆಸರು ಬದಲಿಸಿಕೊಂಡಿದ್ದಾನೆ.

ಪರದೇಶದಲ್ಲಿಯೂ ಇದೇ ಕಥೆ. ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ಫಿಲಿಪೈನ್ಸಿನವರ ಸಂಖ್ಯೆ ಬಹಳ ದೊಡ್ಡದು. ಮನಿಲಾ ಪಟ್ಟಣದ ಲುನೆಟಾ ಪಾರ್ಕಿನ ಬದಿಯ ಕಲಾವ್ ರಸ್ತೆಯಲ್ಲಿ, ಕಾಗದಪತ್ರದ ಚೀಲ ಹಿಡಿದು, ಹಡಗು ಸಿಕ್ಕೀತೆಂದು ಖಲಾಸಿಗಳು ಮರದ ನೆರಳಲ್ಲಿ ಕಾಯುತ್ತಾರೆ. ಕಂಪನಿಯೊಳಗೆ ಹೇಳುವವನೊಬ್ಬ ಬೇಕು. ಅವನನ್ನು ಅವರು 'ಬ್ಯಾಕರ್' ಎನ್ನುತ್ತಾರೆ, ನಮ್ಮ ಭಾಷೆಯಲ್ಲಿ ವಶೀಲಿ. ಬ್ಯಾಕರ್ ಇಲ್ಲದ ಹುಡುಗ ಏನು ಮಾಡಬೇಕು? ಏಜೆನ್ಸಿಯ ಆಫೀಸಿನಲ್ಲಿ 'ಯುಟಿಲಿಟಿ' ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಪಗಾರವಿಲ್ಲದೆ ಅಥವಾ ಬಸ್ಸಿನ ಖರ್ಚಿಗಷ್ಟೇ ಹಣ ಪಡೆದು ಕಸ ಗುಡಿಸಿ ಚಹ ತಂದುಕೊಡಬೇಕು. ಇವರು ನೌಕಾಶಾಲೆಯಲ್ಲಿ ಓದಿದ ಹುಡುಗರು! ನಾವಿಕರಿಂದ ಕೆಲಸ ಕೊಡಿಸಲು ಹಣ ತೆಗೆದುಕೊಳ್ಳಬಾರದೆಂದು 2006ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಫಿಲಿಪೈನ್ಸ್ 2012ರಲ್ಲಿಯೂ ನಮ್ಮ ದೇಶ 2015ರಲ್ಲಿಯೂ ಅದಕ್ಕೆ ಒಪ್ಪಿಗೆ ಕೊಟ್ಟವು. ಹಣ ಬೇಡವೆಂದಾಗ ಬಿಟ್ಟಿ ದುಡಿಮೆ ಕೇಳುತ್ತಾರೆ. ನಮ್ಮ ಹೋಟೆಲುಗಳ 'ಕೆಲಸ ಕಲಿಯುವ ತನಕ ಊಟ ಮಾತ್ರ' ಎಂಬ ಕರಾರಿಗೂ ಇದಕ್ಕೂ ಏನು ಭೇದ?

ಮೇಲಿನ ಗಾಜಿನ ಮಹಡಿಗಳಲ್ಲಿಯೂ ವಶೀಲಿ ಇದೆಯಲ್ಲ ಎಂದು ಕೆಲವರು ಕೇಳಿಯಾರು. ಇದೆ. ಇಂಜಿನಿಯರನು ತನ್ನ ಗೆಳೆಯನ ಹೆಸರು ಸೂಚಿಸಿ, ಅವನು ಆಯ್ಕೆಯಾದರೆ ಕಂಪನಿಯಿಂದ ಬೋನಸು ಪಡೆಯುವ ಪದ್ಧತಿ ಹಲವು ಕಡೆ ಉಂಟು. ಆದರೆ ಅಲ್ಲಿ ಹಣ ಕೊಡುವವನು ಕಂಪನಿಯ ಮಾಲಕ. ಅದೇ ಕಟ್ಟಡದ ಕಕ್ಕಸು ತೊಳೆಯುವ ಕೆಲಸಕ್ಕೆ ಬಂದ ಹೆಂಗಸು ತನ್ನ ಮೊದಲ ಪಗಾರದಿಂದಲೇ ಸುಪರ್‌ವೈಜರನ ಕೈ ಬೆಚ್ಚಗೆ ಮಾಡಬೇಕು. ಅದನ್ನು ವಸೂಲು ಮಾಡಿದವರಲ್ಲಿ ನಮ್ಮ ಸಂಘದ ಚಂದಾದಾರರೂ ಇದ್ದಾರೆ. ಹೆಸರು ಬರೆಯುವುದಿಲ್ಲ, ಓದುವಾಗ ಅವರಿಗೇ ತಿಳಿಯುತ್ತದೆ.

ಹಾಗಾದರೆ ದಾರಿ ಯಾವುದು? ಖಾಲಿ ಜಾಗಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂದು 1959ರಲ್ಲಿಯೇ ಕಾನೂನು ಬಂತು. ಆದರೆ ಆ ಕಚೇರಿ ಕಳಿಸಿದವನನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟು ಅದರಲ್ಲಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕೆಲಸಗಾರನಿಗೆ ನೇಮಕದ ಪತ್ರ ಕೊಡಬೇಕೆನ್ನುತ್ತವೆ. ಆ ಸಂಹಿತೆಗಳ ಬಗ್ಗೆ ನಮ್ಮ ತಕರಾರು ಬೇರೆ ಬಹಳ ಇವೆ, ಅದು ಇನ್ನೊಂದು ಸಂಚಿಕೆಗೆ. ಈ ಪತ್ರವನ್ನಂತೂ ಕೇಳಿ ಪಡೆಯಬೇಕು. ಕೈಯಲ್ಲಿ ಪತ್ರವಿದ್ದವನಿಗೆ ಚಿಕ್ಕಪ್ಪನ ಜಾಮೀನು ಬೇಡ.

ಇದಕ್ಕಿಂತ ಹತ್ತಿರದ ಉದಾಹರಣೆ ಮಹಾರಾಷ್ಟ್ರದಲ್ಲಿಯೇ ಇದೆ. ಮೂಟೆ ಹೊರುವ ಹಮಾಲರು ಹೋರಾಡಿ 1969ರಲ್ಲಿ ಮಾಥಾಡಿ ಕಾಯಿದೆ ಪಡೆದರು. ಕೆಲಸಗಾರರು, ಮಾಲಕರು, ಸರಕಾರ ಮೂವರೂ ಸೇರಿದ ಮಂಡಳಿ. ಅಲ್ಲಿ ಹೆಸರು ದಾಖಲು, ಕೂಲಿಯೂ ಅಲ್ಲಿಂದಲೇ. ಅದರ ಹೆಸರು ಹೇಳಿ ಸುಲಿಗೆ ಮಾಡಿದವರೂ ಇದ್ದಾರೆ, ನಿಜ. ಆದರೂ ಬೆನ್ನ ಮೇಲೆ ಮೂಟೆ ಹೊತ್ತವರು ಮಾಡಿದ್ದನ್ನು ಕೈಯಲ್ಲಿ ತಟ್ಟೆ ಹಿಡಿದ ನಾವು ಯಾಕೆ ಮಾಡಬಾರದು?

ಆದ್ದರಿಂದ ನಮ್ಮ ಸೂಚನೆ ಇದು. ಸಂಘದ ಕೋಣೆಯಲ್ಲಿ ಒಂದು ಪುಸ್ತಕವಿರಲಿ. ಕೆಲಸ ಬೇಕಾದವನ ಹೆಸರು, ಬಲ್ಲ ಕೆಲಸ, ಬಂದ ತಾರೀಖು ಇಷ್ಟೇ ಬರೆಯೋಣ. ಜಾತಿಯ ಕಾಲಮ್ಮು ಬೇಡ, 'ಯಾರ ಕಡೆಯವನು' ಎಂಬುದೂ ಬೇಡ. ಎಲ್ಲಿ ಜಾಗ ಖಾಲಿಯಿದೆಯೆಂದು ಸದಸ್ಯನಿಗೆ ಗೊತ್ತಾದರೆ ತನ್ನ ಭಾವಮೈದುನನಿಗೆ ಹೇಳುವ ಮೊದಲು ಆ ಪುಸ್ತಕಕ್ಕೆ ಹೇಳಲಿ. ಸರದಿ ಬಂದವನು ಹೋಗಲಿ. ಹುಡುಗ ಗಲ್ಲೆಗೆ ಕೈ ಹಾಕಿದರೆ ಹೊಣೆ ಯಾರು ಎನ್ನುತ್ತೀರಾ? ಇಂದು ಒಬ್ಬ ಅಡಿಗೆಯವನು ಹೊರುವ ಹೊಣೆಯನ್ನು ಇಡೀ ಸಂಘ ಹೊರಲಾರದೇ? ಹಣ ಕೇಳಿದ ಸದಸ್ಯನ ಹೆಸರನ್ನು ಸಂಘದಿಂದ ತೆಗೆಯತಕ್ಕದ್ದು, ಅವನು ಎಷ್ಟೇ ಹಳಬನಾಗಿರಲಿ.

ಮುಂದಿನ ಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸುತ್ತೇವೆ. ಪುಸ್ತಕವನ್ನು ಮಾತ್ರ ಈಗಾಗಲೇ ತಂದಿಟ್ಟಿದ್ದೇವೆ. ಮೊದಲನೆಯ ಹೆಸರು ಸಿಂದಗಿಯ ಕಡೆಯ ಒಬ್ಬ ಹುಡುಗನದು. ಅವನನ್ನು ನಮ್ಮಲ್ಲಿ ಯಾರೂ ಬಲ್ಲವರಿಲ್ಲ. ಎರಡನೆಯದು ನಮ್ಮ ಸ್ವಂತ ಅಕ್ಕನ ಮಗನದು. ತನ್ನನ್ನು ಎರಡನೆಯವನಾಗಿ ಯಾಕೆ ಬರೆದಿರಿ ಎಂದು ಅಕ್ಕ ಊರಿನಿಂದ ಫೋನು ಮಾಡಿಸಿ ಕೇಳಿದ್ದಾಳೆ.