ಪದವಿ ಬಂತು, ಆ ಫೋಲ್ಡರ್ ಏನಾಯಿತು?

ಸಂಶೋಧನಾರ್ಥಿ ಮಿತ್ರರಲ್ಲಿ, ಅವರ ಗೈಡ್‌ಗಳಲ್ಲಿ ಒಂದು ಮನವಿ.

ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆ ನಿಂತ ಮೇಲೆ ಸಂಸಾರ ಹೇಗೆ ಸಾಗಿತು, ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರ ಮನೆಯಲ್ಲಿ ಸಾಲ ಎಷ್ಟಿದೆ, ಶರಾವತಿ ಮುಳುಗಡೆಯವರಿಗೆ ಹಕ್ಕುಪತ್ರ ಸಿಕ್ಕಿತೆ, ಮಂಗನ ಕಾಯಿಲೆ ಯಾರ ಮನೆಗೆ ಬಂದಿತ್ತು? ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಟವರು ಕೇಳುವ ಪ್ರಶ್ನೆಗಳು ಇಂಥವು. ಜನ ಒಳಗೆ ಕರೆದು, ಕಾಫಿ ಕೊಟ್ಟು, ನೆಂಟರಿಗೂ ಹೇಳದ್ದನ್ನು ಹೇಳುತ್ತಾರೆ. ಓದುವ ಮಕ್ಕಳಿಗೆ ಸಹಾಯವಾಗಲಿ ಎಂಬುದೊಂದೇ ಕಾರಣ. ಆ ಒಪ್ಪಿಗೆ ನಿಮ್ಮ ಪ್ರಬಂಧಕ್ಕೆ ಮಾತ್ರ ಕೊಟ್ಟದ್ದು.

ವೈವಾ ಮುಗಿದ ಮೇಲೆ ಆ ಮಾತುಗಳು ಎಲ್ಲಿರುತ್ತವೆ, ಯೋಚಿಸಿ. ರೆಕಾರ್ಡಿಂಗ್ ಹಳೆಯ ಮೊಬೈಲಿನಲ್ಲಿ. ಅದರ ಪ್ರತಿ, ಟೈಪ್ ಮಾಡಿಕೊಟ್ಟ ಗೆಳತಿಯ ವಾಟ್ಸ್‌ಆ್ಯಪ್‌ನಲ್ಲಿ. ಕೋಷ್ಟಕಗಳು ಬೈಂಡಿಂಗ್‌ಗೆ ಕೊಟ್ಟ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ. ಗೂಗಲ್ ಡ್ರೈವ್ ಲಿಂಕ್ ಯಾರು ಬೇಕಾದರೂ ತೆರೆಯುವಂತೆ ಹಾಗೆಯೇ ಇರುತ್ತದೆ. ಸಹಿ ಹಾಕಿಸಿಕೊಂಡ ಪ್ರಶ್ನಾವಳಿಗಳ ಕಟ್ಟು ಒಂದು ದಿನ ರದ್ದಿಗೆ ಹೋಗುತ್ತದೆ.

ಹೆಸರು ತೆಗೆದರೆ ಸಾಕು ಎನ್ನಬೇಡಿ. ‘ನ್ಯೂಟೌನ್ ವಾಸಿ, 52 ವರ್ಷ, ಕ್ರೇನ್ ಆಪರೇಟರ್, ಮಗಳ ಮದುವೆಗೆ ಬಡ್ಡಿ ಸಾಲ’ ಎಂದು ಬರೆದರೆ ಬೆಂಗಳೂರಿನ ಪರೀಕ್ಷಕರಿಗೆ ಅದು ಯಾರೋ ಒಬ್ಬರು. ಭದ್ರಾವತಿಯವರಿಗೆ ಅದು ಪಕ್ಕದ ಮನೆಯವರು. ಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಸೇರಿದರೆ ಅನುಬಂಧದಲ್ಲಿರುವ ಮಾಹಿತಿದಾರರ ಪಟ್ಟಿಯೂ ಜಗತ್ತಿಗೇ ತೆರೆದುಕೊಳ್ಳುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆ, ನಿಜ. ಅದು ನಿಗದಿತ ಮಾನದಂಡ ಪಾಲಿಸುವವರಿಗೆ ಮಾತ್ರ.

ಹಾಗೆಂದು ವೈವಾ ಮುಗಿದ ಸಂಜೆಯೇ ಎಲ್ಲ ಅಳಿಸಿಬಿಡುವುದೂ ಸರಿಯಲ್ಲ. ನಾಳೆ ಯಾರಾದರೂ ನಿಮ್ಮ ಅಂಕಿಅಂಶ ಪ್ರಶ್ನಿಸಿದರೆ ತೋರಿಸಲು ಆಧಾರ ಬೇಕು. ಹೆಸರು, ಫೋನ್ ನಂಬರು, ವಿಳಾಸದ ಜೊತೆಗೆ ಗುರುತು ಸಿಗುವಂಥ ವಿವರಗಳನ್ನೂ ತೆಗೆದ ಒಂದು ಪ್ರತಿಯನ್ನು ಪಾಸ್‌ವರ್ಡ್ ಹಾಕಿ, ವಿಭಾಗದ ನಿಯಮ ಹೇಳಿದಷ್ಟು ಕಾಲ ಇಟ್ಟುಕೊಳ್ಳಿ. ಹೆಸರಿನ ಬದಲು ಕೊಟ್ಟ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಬೇರೆಡೆ ಇಟ್ಟು, ಅದರ ಕೆಲಸ ಮುಗಿದ ಕೂಡಲೇ ನಾಶಮಾಡಿ. ಡ್ರೈವ್‌ನಲ್ಲಿ ಡಿಲೀಟ್ ಒತ್ತಿದ್ದು 30 ದಿನ ಟ್ರ್ಯಾಶ್‌ನಲ್ಲೇ ಕೂತಿರುತ್ತದೆ, ಅದನ್ನೂ ಖಾಲಿ ಮಾಡಿ. ಹಳೆಯ ಮೊಬೈಲ್ ಮಾರುವ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ. ಪ್ರಶ್ನಾವಳಿಗಳನ್ನು ಹರಿದು ಚೂರು ಮಾಡಿ.

ಜಾನಪದ ಸಂಗ್ರಹದ ಮಾತೇ ಬೇರೆ. ಸೋಬಾನೆ ಹಾಡಿದ ಅಜ್ಜಿಯ ದನಿಯನ್ನು ಅಳಿಸುವುದು ಅಪರಾಧವೇ ಸರಿ. ಅವರ ಹೆಸರು ಉಳಿಯಬೇಕು. ಅವರನ್ನೋ ಮನೆಯವರನ್ನೋ ಕೇಳಿ, ಒಪ್ಪಿದರೆ ಆ ಧ್ವನಿಮುದ್ರಣವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ, ಮನೆಯವರಿಗೂ ಒಂದು ಪ್ರತಿ ಕೊಡಿ. ಸಾಲ, ಕಾಯಿಲೆ, ಮನೆಜಗಳದ ಮಾತು ಹೋಗಲಿ, ಹಾಡು ಇರಲಿ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೂ ಶಿವಮೊಗ್ಗದ ಕಾಲೇಜುಗಳೂ, ಸಂಗ್ರಹಿಸಿದ್ದರಲ್ಲಿ ಏನನ್ನು ಉಳಿಸುತ್ತೇವೆ, ಏನನ್ನು ಅಳಿಸುತ್ತೇವೆ ಎಂಬ ಒಂದು ಪುಟದ ಹೇಳಿಕೆಯನ್ನು ಪ್ರಬಂಧದ ಜೊತೆಯಲ್ಲೇ ಕೇಳಿ ಪಡೆಯಲಿ. ಗೈಡ್‌ಗಳು ಅದನ್ನು ನೋಡದೆ ಸಹಿ ಹಾಕದಿರಲಿ.

ಉತ್ತರ ಕೊಡುವ ಹಿರಿಯರೇ, ತಾಯಂದಿರೇ, ಮಕ್ಕಳು ಪ್ರಶ್ನಾವಳಿ ಹಿಡಿದು ಬಂದರೆ ಖಂಡಿತ ಸಹಾಯ ಮಾಡಿ. ಮಾತಿಗೆ ಮೊದಲು ಇಷ್ಟು ಕೇಳಿಕೊಳ್ಳಿ: ‘ಇದನ್ನು ಎಲ್ಲಿಡ್ತೀಯಪ್ಪಾ, ಯಾವಾಗ ಅಳಿಸ್ತೀಯ?’